‘ತಡೆದುಕೊಳ್ಳುವ ಶಕ್ತಿ ಇದ್ದವರಿಗೇ ದೇವರು ಕಷ್ಟ ಕೊಡುತ್ತಾನೆ’: ಈ ಫಾರ್ವರ್ಡ್ ಎಲ್ಲರಿಗೂ ಸಮಾಧಾನ ಕೊಡುತ್ತದೆಯೇ?

ಸೂರ್ಯೋದಯದ ಚಿತ್ರ, ಕೆಳಗೆ ಕೈಮುಗಿದ ಇಮೋಜಿ, ನಡುವೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ತಡೆದುಕೊಳ್ಳುವ ಶಕ್ತಿ ಇದ್ದವರಿಗೇ ದೇವರು ಕಷ್ಟ ಕೊಡುತ್ತಾನೆ.’ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಇದು ಬಂದಿರುತ್ತದೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ, ಕೆಲಸ ಹೋದಾಗ, ಸಾವಾದಾಗ ಇಂಥವು ಹೆಚ್ಚು ಓಡಾಡುತ್ತವೆ. ಅದರ ಬೆನ್ನಿಗೇ ಇನ್ನೊಂದು: ‘ಮಾಡಿದ ಕರ್ಮ ಯಾರನ್ನೂ ಬಿಡುವುದಿಲ್ಲ.’ ಎರಡನ್ನೂ ಕಳಿಸಿದವರು ಒಬ್ಬರೇ ಆಗಿರಲೂಬಹುದು.

ದೇವರು ಇದ್ದಾನೆಯೇ, ಕರ್ಮ ಇದೆಯೇ ಎಂಬುದನ್ನು ಪ್ರಯೋಗಾಲಯದಲ್ಲಿ ತೀರ್ಮಾನಿಸಲು ಆಗುವುದಿಲ್ಲ. ನಾವೂ ಇಲ್ಲಿ ಆ ಗೋಜಿಗೆ ಹೋಗುವುದಿಲ್ಲ. ಆದರೆ ಈ ಸಾಲುಗಳ ಹಿಂದೆ ಇರುವ ಇನ್ನೊಂದು ನಂಬಿಕೆಯನ್ನು ಪರೀಕ್ಷಿಸಬಹುದು: ‘ದೇವರನ್ನು ನಂಬಿದವರಿಗೆ ಕಷ್ಟಕಾಲದಲ್ಲಿ ಧೈರ್ಯ ತಾನಾಗಿಯೇ ಬರುತ್ತದೆ.’ ಇದಕ್ಕೆ ಎದುರಾಗಿ ಇನ್ನು ಕೆಲವರು ಹೇಳುವುದು, ‘ದೇವರು ಗೀವರು ಎಲ್ಲ ಕೈಲಾಗದವರ ಊರುಗೋಲು.’ ಎರಡೂ ಅರ್ಧಂಬರ್ಧ ಮಾತುಗಳೇ. ಒಂದೇ ನಂಬಿಕೆ ಒಬ್ಬರನ್ನು ಎತ್ತಿ ನಿಲ್ಲಿಸುತ್ತದೆ, ಇನ್ನೊಬ್ಬರನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ. ಯಾರಿಗೆ ಯಾವುದು ಆಗುತ್ತದೆ ಎಂಬುದರಲ್ಲಿ ಆ ವ್ಯಕ್ತಿಗೆ ತನ್ನ ಬಗ್ಗೆ ತನಗೇ ಇರುವ ಅಭಿಪ್ರಾಯದ ಪಾಲು ದೊಡ್ಡದು.

ಒಂದೇ ಪೂಜೆ, ಇಬ್ಬರು ಹೆಂಗಸರು

ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಎರಡೂವರೆ ತಿಂಗಳಿಗೆ ಗರ್ಭಪಾತವಾಗಿದೆ. ಇಬ್ಬರ ಮನೆಯಲ್ಲೂ ಹಿರಿಯರು, ‘ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿಕೊಂಡು ಬರೋಣ’ ಅಂದಿದ್ದಾರೆ. ಇಬ್ಬರೂ ಹೋಗಿದ್ದಾರೆ.

ಮೊದಲನೆಯಾಕೆ ಕೈಮುಗಿದು, ‘ನಮ್ಮ ಕೈಲಾದ್ದು ಮಾಡಿದ್ವಿ ಸ್ವಾಮಿ, ಮುಂದಿಂದು ನೀನೂ ನೋಡ್ಕೊ’ ಅಂದುಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಎಷ್ಟೋ ದಿನಗಳ ನಂತರ ನಿದ್ದೆ ಬಂತು. ಮುಂದಿನ ವಾರ ಡಾಕ್ಟರು ಹೇಳಿದ್ದ ದಿನಕ್ಕೆ ಸರಿಯಾಗಿ ಚೆಕಪ್ಪಿಗೆ ಹೋದಳು.

ಎರಡನೆಯಾಕೆಗೆ ಸಾಲಿನಲ್ಲಿ ನಿಂತಾಗಲೂ ತಲೆಯಲ್ಲಿ ಒಂದೇ ಮಾತು: ‘ನಾನೇ ಪಾಪಿ. ನನ್ನಂಥವಳ ಹೊಟ್ಟೆಯಲ್ಲಿ ಮಗು ಹೇಗೆ ನಿಲ್ಲುತ್ತೆ?’ ಪೂಜೆ ಮುಗಿದರೂ ಸಾಲದು ಅನ್ನಿಸಿತು. ಊರಿಗೆ ಬಂದು ಸೋಮವಾರ ಉಪವಾಸ ಹಿಡಿದಳು, ಆಮೇಲೆ ಶನಿವಾರವೂ. ಕಬ್ಬಿಣಾಂಶದ ಮಾತ್ರೆ ಡಬ್ಬಿಯಲ್ಲೇ ಉಳಿಯಿತು. ಡಾಕ್ಟರ ಹತ್ತಿರ ‘ಯಾವ ಮುಖ ಇಟ್ಟುಕೊಂಡು ಹೋಗಲಿ’ ಎಂದು ಹೋಗಲೇ ಇಲ್ಲ.

ದೇವಸ್ಥಾನ ಅದೇ, ಪೂಜೆ ಅದೇ, ಪ್ರಸಾದವೂ ಅದೇ.

ಇಲ್ಲಿ ವೈದ್ಯಕೀಯ ವಿಷಯವನ್ನೂ ಹೇಳಿಬಿಡಬೇಕು, ಯಾಕೆಂದರೆ ಈ ವಿಷಯದಲ್ಲಿ ಫಾರ್ವರ್ಡ್‌ಗಳು ಬಹಳ ನೋವು ಕೊಡುತ್ತವೆ. ಖಚಿತವಾದ 100 ಗರ್ಭಗಳಲ್ಲಿ ಸುಮಾರು 10ರಿಂದ 20 ಗರ್ಭಪಾತದಲ್ಲಿ ಕೊನೆಯಾಗುತ್ತವೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮುಗಳಲ್ಲಿನ ದೋಷ. ಅದು ಬಹುತೇಕ ಆಕಸ್ಮಿಕವಾಗಿ ಆಗುವಂಥದ್ದು. ಗ್ರಹಣದ ದಿನ ಅಂಗಳಕ್ಕೆ ಬಂದದ್ದಕ್ಕೂ, ಯಾರದೋ ದೃಷ್ಟಿ ತಾಗಿದ್ದಕ್ಕೂ, ತಾಯಿಯಾಗಬೇಕಿದ್ದವಳ ಗುಣನಡತೆಗೂ ಇದಕ್ಕೂ ಸಂಬಂಧವಿಲ್ಲ.

ನಂಬಿಕೆ ಯಾವಾಗ ಭಾರವಾಗುತ್ತದೆ?

ಕಷ್ಟಕಾಲದಲ್ಲಿ ಜನ ಧರ್ಮವನ್ನು ಹೇಗೆ ಬಳಸಿಕೊಳ್ಳುತ್ತಾರೆ ಎಂಬುದನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್. 1997ರಲ್ಲಿ ಬಂದ ಅವರ ಪುಸ್ತಕ ಈ ಕ್ಷೇತ್ರಕ್ಕೆ ಅಡಿಪಾಯ ಇದ್ದಂತೆ. ‘ನೀವು ಎಷ್ಟು ದೈವಭಕ್ತರು?’ ಎಂದು ಕೇಳಿದರೆ ಹೆಚ್ಚೇನೂ ತಿಳಿಯುವುದಿಲ್ಲ, ‘ಕಷ್ಟ ಬಂದಾಗ ದೇವರ ಜೊತೆ ನಿಮ್ಮ ಸಂಬಂಧ ಏನಾಗುತ್ತದೆ?’ ಎಂದು ಕೇಳಬೇಕು ಎಂಬುದು ಅವರ ಕೆಲಸದ ತಿರುಳು. ಕೆಲವರಿಗೆ ದೇವರು ಜೊತೆಗಿದ್ದಾನೆ ಅನ್ನಿಸುತ್ತದೆ, ಪ್ರಾರ್ಥನೆಯಲ್ಲಿ ಮನಸ್ಸು ಹಗುರಾಗುತ್ತದೆ, ಊರವರ ಬೆಂಬಲ ಸಿಗುತ್ತದೆ. ಇನ್ನು ಕೆಲವರಿಗೆ ‘ದೇವರು ನನಗೆ ಶಿಕ್ಷೆ ಕೊಡುತ್ತಿದ್ದಾನೆ’, ‘ನನ್ನನ್ನು ಕೈಬಿಟ್ಟಿದ್ದಾನೆ’ ಅನ್ನಿಸುತ್ತದೆ. ಎರಡನೆಯದನ್ನು ಅವರು ಧಾರ್ಮಿಕ ತೊಳಲಾಟ ಎಂಬ ಅರ್ಥದ ಹೆಸರಿನಿಂದ ಕರೆದರು.

ಈ ತೊಳಲಾಟ ಬರೀ ಮನಸ್ಸಿನ ಬೇಸರವಲ್ಲ ಅನ್ನುವುದಕ್ಕೆ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾಕು. ಪಾರ್ಗಮೆಂಟ್ ಮತ್ತು ಸಂಗಡಿಗರು ಆಸ್ಪತ್ರೆಗೆ ದಾಖಲಾಗಿದ್ದ, 55 ವರ್ಷ ದಾಟಿದ 596 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿದರು. ದೇವರು ನನ್ನನ್ನು ಬಿಟ್ಟುಬಿಟ್ಟನೇ ಎಂಬ ಸಂಶಯ, ದೇವರಿಗೆ ನನ್ನ ಮೇಲೆ ಪ್ರೀತಿ ಇದೆಯೇ ಎಂಬ ಅನುಮಾನ, ಇದು ಸೈತಾನನ ಕೆಲಸ ಎಂಬ ತೀರ್ಮಾನ, ಈ ಮೂರರಲ್ಲಿ ಒಂದೊಂದೂ ಆ ಎರಡು ವರ್ಷಗಳಲ್ಲಿ ಸಾಯುವ ಅಪಾಯ 19ರಿಂದ 28 ಶೇಕಡಾ ಹೆಚ್ಚಿರುವುದರ ಜೊತೆ ತಳುಕು ಹಾಕಿಕೊಂಡಿತ್ತು. ಕಾಯಿಲೆಯ ತೀವ್ರತೆ, ಖಿನ್ನತೆ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸಂಬಂಧ ಉಳಿಯಿತು. ಹಾಗಂತ ‘ಅನುಮಾನ ಪಟ್ಟರೆ ಸಾಯುತ್ತಾರೆ’ ಎಂದು ದಯವಿಟ್ಟು ಫಾರ್ವರ್ಡ್ ಮಾಡಬೇಡಿ! ಎರಡು ಸಂಗತಿಗಳು ಜೊತೆಯಾಗಿ ಕಂಡವು ಎಂದಷ್ಟೇ ಅರ್ಥ, ಒಂದು ಇನ್ನೊಂದಕ್ಕೆ ಕಾರಣ ಎಂದಲ್ಲ. ಅಲ್ಲದೆ ಅವರಲ್ಲಿ ಬಹುತೇಕರು ಅಮೆರಿಕದ ಕ್ರೈಸ್ತರು. ಬದುಕುಳಿದವರನ್ನು ಮತ್ತೆ ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ತೊಳಲಾಟ ಬಂದು ಹೋದವರಿಗಿಂತ, ಎರಡು ವರ್ಷವೂ ಅದರಲ್ಲೇ ಸಿಕ್ಕಿಕೊಂಡವರ ಸ್ಥಿತಿ ಕೆಟ್ಟಿತ್ತು. ಒಂದಷ್ಟು ದಿನ ‘ನನಗ್ಯಾಕೆ ಹೀಗೆ’ ಎಂದು ಒದ್ದಾಡುವುದು ಸಹಜ. ಅಲ್ಲೇ ನಿಂತುಬಿಡುವುದು ಕಷ್ಟ.

ದೇವರಲ್ಲಿ ಕಾಣುವುದು ಯಾರ ಮುಖ?

ಹಾಗಾದರೆ ಒಬ್ಬರಿಗೆ ಕಾಯುವ ದೇವರು, ಇನ್ನೊಬ್ಬರಿಗೆ ಬೆತ್ತ ಹಿಡಿದ ದೇವರು ಕಾಣುವುದು ಯಾಕೆ? ಮನೆಯಲ್ಲಿ, ಶಾಲೆಯಲ್ಲಿ ಹಾಗೆ ಹೇಳಿಕೊಟ್ಟಿರುತ್ತಾರೆ ಎನ್ನಬಹುದು. 1973ರಲ್ಲಿ ಪೀಟರ್ ಬೆನ್ಸನ್ ಮತ್ತು ಬರ್ನಾರ್ಡ್ ಸ್ಪಿಲ್ಕಾ ಎಂಬ ಅಮೆರಿಕದ ಸಂಶೋಧಕರು ಇದನ್ನೇ ನೋಡಲು ಒಂದೇ ಬಗೆಯ ಧಾರ್ಮಿಕ ಶಿಕ್ಷಣ ಪಡೆದ ಕ್ಯಾಥೊಲಿಕ್ ಹುಡುಗರನ್ನು ಆರಿಸಿಕೊಂಡರು. ಪಾಠ ಒಂದೇ ಆಗಿದ್ದರೂ ದೇವರ ಚಿತ್ರ ಬೇರೆ ಬೇರೆ ಇತ್ತು. ತಮ್ಮ ಬಗ್ಗೆ ತಮಗೆ ಒಳ್ಳೆಯ ಅಭಿಪ್ರಾಯ ಇದ್ದವರು ದೇವರನ್ನು ಪ್ರೀತಿಸುವವನು ಎಂದು ಬಣ್ಣಿಸುವುದು ಹೆಚ್ಚು. ತಮ್ಮನ್ನು ತಾವೇ ಕೀಳಾಗಿ ಕಂಡವರು ದೇವರನ್ನೂ ತಿರಸ್ಕರಿಸುವವನಾಗಿ ಕಾಣುವುದು ಹೆಚ್ಚು.

‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎಂದು ಒಳಗೇ ತೀರ್ಪು ಕೊಟ್ಟುಕೊಂಡವರಿಗೆ ಪ್ರೀತಿಸುವ ದೇವರನ್ನು ನಂಬುವುದು ಸುಲಭವಲ್ಲ. ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲವಲ್ಲ. ಹಾಗಾಗಿ ಮನಸ್ಸು ದೇವರನ್ನೇ ತನ್ನ ತೀರ್ಪಿಗೆ ಹೊಂದಿಸಿಕೊಳ್ಳುತ್ತದೆ. ಇದು ಎದುರು ದಿಕ್ಕಿನಲ್ಲೂ ನಡೆಯಬಹುದು. ಚಿಕ್ಕಂದಿನಿಂದ ‘ದೇವರು ಕಣ್ಣು ಕೀಳ್ತಾನೆ’ ಎಂದು ಹೆದರಿಸಿ ಬೆಳೆಸಿದರೆ ಮಗುವಿಗೆ ತನ್ನ ಮೇಲೆ ಒಳ್ಳೆಯ ಅಭಿಪ್ರಾಯ ಎಲ್ಲಿಂದ ಬರಬೇಕು?

ನಮ್ಮ ಭಕ್ತಿ ಪರಂಪರೆಗೆ ಈ ವಿಷಯ ಹೊಸದೇನಲ್ಲ. ದೇವರ ಮುಂದೆ ‘ನಾನು ಯಾರು’ ಎಂಬುದಕ್ಕೆ ಅದು ಒಂದೇ ಉತ್ತರ ಕೊಡಲಿಲ್ಲ. ದಾಸನಾಗಬಹುದು, ಗೆಳೆಯನಾಗಬಹುದು, ಯಶೋದೆಯಂತೆ ತಾಯಿಯೂ ಆಗಬಹುದು. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದೇ ಕರೆದಳು. ದೇವರನ್ನು ಬೈಯುತ್ತಲೇ ಹೊಗಳುವ ನಿಂದಾಸ್ತುತಿ ಎಂಬ ಪ್ರಕಾರವೇ ದಾಸಸಾಹಿತ್ಯದಲ್ಲಿದೆ. ದೇವರ ಮೇಲೆ ಸಿಟ್ಟು ಬಂದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಹೆದರುವವರು ಇದನ್ನು ನೆನಪಿಸಿಕೊಳ್ಳಬೇಕು. ದೇವರ ಮೇಲಿನ ಸಿಟ್ಟನ್ನೇ ಅಧ್ಯಯನದ ವಿಷಯ ಮಾಡಿಕೊಂಡ ಜೂಲಿ ಎಕ್ಸ್‌ಲೈನ್ ಕೂಡ ಇಂಥ ಸಿಟ್ಟು ಆಸ್ತಿಕರಲ್ಲಿ ಸಾಮಾನ್ಯ ಎಂದು ತೋರಿಸಿದ್ದಾರೆ. ಜಗಳವಾಡುವ ಹಕ್ಕು ತನಗಿದೆ ಅಂದುಕೊಳ್ಳುವವರಿಗೆ ತಮ್ಮ ಬಗ್ಗೆ ಒಂದಿಷ್ಟು ಗೌರವ ಇರುತ್ತದೆ.

‘ತಪ್ಪು ಮಾಡಿದೆ’ ಮತ್ತು ‘ನಾನೇ ಸರಿಯಿಲ್ಲ’

ತನ್ನನ್ನು ತಾನು ದೂರಿಕೊಳ್ಳುವುದರಲ್ಲೂ ಎರಡು ಬಗೆ ಇದೆ ಎಂದು 1979ರಲ್ಲಿ ರೋನಿ ಜಾನಾಫ್-ಬುಲ್ಮನ್ ಬರೆದರು. ‘ಹೆಲ್ಮೆಟ್ ಹಾಕಿಕೊಳ್ಳದೆ ಹೋದೆ, ಅದು ತಪ್ಪಾಯಿತು’ ಎಂಬುದು ಒಂದು. ಇದರಲ್ಲಿ ತಪ್ಪಾಗಿರುವುದು ನಡತೆ, ನಾಳೆ ತಿದ್ದಿಕೊಳ್ಳಬಹುದು. ‘ನಾನೇ ಇಷ್ಟು, ನನಗೆ ಹೀಗೇ ಆಗಬೇಕು’ ಎಂಬುದು ಇನ್ನೊಂದು. ಇದರಲ್ಲಿ ತಪ್ಪಾಗಿರುವುದು ಇಡೀ ಮನುಷ್ಯ, ತಿದ್ದಲು ಎಲ್ಲಿಂದ ಶುರುಮಾಡುವುದು? ಖಿನ್ನತೆಯ ಜೊತೆ ಹೆಚ್ಚು ಕಾಣಿಸಿಕೊಳ್ಳುವುದು ಈ ಎರಡನೆಯದು.

ಕರ್ಮದ ಮಾತನ್ನು ಇದೇ ಬೆಳಕಿನಲ್ಲಿ ನೋಡಿ. 1988ರಲ್ಲಿ ಅಜಿತ್ ದಲಾಲ್ ಮತ್ತು ನಮಿತಾ ಪಾಂಡೆ ಭಾರತದಲ್ಲಿ ಅಪಘಾತವಾಗಿ ಆಸ್ಪತ್ರೆ ಸೇರಿದವರನ್ನು ಮಾತನಾಡಿಸಿದಾಗ, ಹೀಗಾಗಲು ಕಾರಣವೆಂದು ಹೆಚ್ಚು ಕೇಳಿಬಂದದ್ದು ತಮ್ಮ ಕರ್ಮ ಮತ್ತು ದೇವರ ಇಚ್ಛೆ. ವಿಚಾರವಾದಿಗಳಿಗೆ ಇದು ನಿರಾಶೆಯ ಮಾತಿನಂತೆ ಕೇಳಬಹುದು. ಆದರೆ ನಮ್ಮ ಅಜ್ಜಿಯರು ಕರ್ಮವನ್ನು ಬಳಸುತ್ತಿದ್ದ ರೀತಿ ಗಮನಿಸಿ. ‘ಅನುಭವಿಸಿ ತೀರಿಸಿದ್ದಾಯ್ತು ಬಿಡು, ಋಣ ಮುಗೀತು.’ ‘ತಲೆಗೆ ಬಂದದ್ದು ಪೇಟಕ್ಕೆ ಹೋಯ್ತು.’ ಸಾಲ ತೀರಿದ ನೆಮ್ಮದಿ ಅದರಲ್ಲಿದೆ. ಅದೇ ಕರ್ಮವನ್ನು ‘ನಾನು ಪಾಪಿ’ ಎಂದು ಓದಿಕೊಂಡರೆ ಸಾಲ ತೀರುವುದೇ ಇಲ್ಲ, ಬಡ್ಡಿ ಬೆಳೆಯುತ್ತಲೇ ಹೋಗುತ್ತದೆ.

ಸಾಡೇಸಾತಿ ಶನಿಯೂ ಹೀಗೆಯೇ. ಗ್ರಹಗಳು ನಮ್ಮ ಕೆಲಸ, ಆರೋಗ್ಯ ನಿರ್ಧರಿಸುತ್ತವೆ ಅನ್ನುವುದಕ್ಕೆ ಯಾವ ವೈಜ್ಞಾನಿಕ ಪುರಾವೆಯೂ ಇಲ್ಲ. ಆದರೂ ಅದು ಯಾಕೆ ಇಷ್ಟು ಜನರಿಗೆ ಸಮಾಧಾನ ಕೊಡುತ್ತದೆ ಎಂದು ನಾವು ಯೋಚಿಸಿದಾಗ ಹೊಳೆದದ್ದು ಇದು: ಅಲ್ಲಿ ತಪ್ಪು ಹೊರಗಿನ ಗ್ರಹದ್ದು, ಕಷ್ಟಕ್ಕೆ ಏಳೂವರೆ ವರ್ಷ ಎಂಬ ಕೊನೆಯ ದಿನಾಂಕವಿದೆ, ಶನಿಮಹಾತ್ಮೆಯ ವಿಕ್ರಮರಾಜನಂಥ ದೊಡ್ಡವರೂ ಅದನ್ನು ಅನುಭವಿಸಿದ್ದಾರೆ. ಸಮಾಧಾನ ಸಿಕ್ಕಿದರೆ ಸಿಗಲಿ. ಅದೇ ಕೊನೆಯ ದಿನಾಂಕವನ್ನು ಮುಂದೂಡುತ್ತಾ, ಒಂದೊಂದು ಶಾಂತಿಗೂ ಸಾವಿರಾರು ರೂಪಾಯಿ ಕೀಳುವವರು ಬಂದಾಗ ಕಥೆ ಬೇರೆ. ‘ನಾನು ಪಾಪಿ’ ಎಂದು ಮೊದಲೇ ಒಪ್ಪಿಕೊಂಡವರೇ ಇಂಥವರಿಗೆ ಒಳ್ಳೆಯ ಗಿರಾಕಿಗಳು.

ಕೈಮುಗಿದ ಮೇಲೆ ಕೈ ಏನು ಮಾಡುತ್ತದೆ?

ಪಾರ್ಗಮೆಂಟ್ ಮತ್ತು ಸಂಗಡಿಗರು 1988ರಲ್ಲಿ ಚರ್ಚ್ ಸದಸ್ಯರ ನಡುವೆ ಇನ್ನೊಂದು ಅಧ್ಯಯನ ಮಾಡಿದ್ದರು. ಕಷ್ಟ ಬಂದಾಗ ಕೆಲವರು ‘ದೇವರು ಬುದ್ಧಿ ಕೊಟ್ಟಿದ್ದಾನೆ, ನಾನೇ ನೋಡಿಕೊಳ್ಳುತ್ತೇನೆ’ ಅನ್ನುತ್ತಾರೆ. ಕೆಲವರು ‘ನೀನೇ ನೋಡಿಕೋ’ ಎಂದು ಪೂರ್ತಿ ಬಿಟ್ಟುಬಿಡುತ್ತಾರೆ. ಮೂರನೆಯವರು ‘ಇಬ್ಬರೂ ಸೇರಿ ನೋಡೋಣ’ ಅನ್ನುತ್ತಾರೆ, ಮೇಲೆ ಹೇಳಿದ ಮೊದಲನೆಯ ಹೆಂಗಸಿನ ಹಾಗೆ. ಒಂದನೆಯವರಿಗೂ ಮೂರನೆಯವರಿಗೂ ತಮ್ಮ ಮೇಲೆ ಭರವಸೆ ಹೆಚ್ಚಿತ್ತು. ಪೂರ್ತಿ ಬಿಟ್ಟುಬಿಡುವವರಲ್ಲಿ ಅದು ಕಡಿಮೆ ಇತ್ತು.

ನಮ್ಮ ಅನುಭವದಲ್ಲಿ ಇದಕ್ಕೊಂದು ಮಿತಿ ಇದೆ. ಐಸಿಯು ಬಾಗಿಲ ಹೊರಗೆ ರಾತ್ರಿ ಎರಡು ಗಂಟೆಗೆ ಕೂತವರ ಕೈಯಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ಆಗ ‘ನಿನಗೆ ಬಿಟ್ಟದ್ದು’ ಅನ್ನುವುದು ಕೈಲಾಗದತನವಲ್ಲ, ಅದು ಉಸಿರು ಬಿಡುವ ಜಾಗ. ಆದರೆ ಎದೆಯಲ್ಲಿ ಗಂಟು ಕಂಡವರು, ಸಕ್ಕರೆ ಕಾಯಿಲೆ ಇರುವವರು ಅದೇ ಮಾತು ಹೇಳಿ ಮನೆಯಲ್ಲಿ ಕೂತರೆ ಅಪಾಯ. ಕರ್ನಾಟಕದ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆ ಕೂಡ ಪೂಜೆ, ಯಾತ್ರೆಗಳನ್ನು ಮುಟ್ಟುವುದಿಲ್ಲ. ಹಾವು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದನ್ನು ಅದು ಅಪರಾಧದ ಪಟ್ಟಿಗೆ ಸೇರಿಸಿದೆ.

ಕಾಣುವವರ ಕಣ್ಣು

ತನ್ನ ಬಗ್ಗೆ ತನಗಿರುವ ಅಭಿಪ್ರಾಯ ಒಬ್ಬರ ತಲೆಯೊಳಗೇ ಹುಟ್ಟುವುದಿಲ್ಲ. ಸುತ್ತಲಿನವರು ನೋಡುವ ನೋಟದಿಂದಲೂ ಅದು ಆಗುತ್ತದೆ. ಪಕ್ಕದ ತಮಿಳುನಾಡಿನ ಎರಡು ಜಾಗಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ಅಲ್ಲಿನ ಒಂದು ಹಳ್ಳಿಯ ದೇವಸ್ಥಾನದಲ್ಲಿ ತಂಗಿದ್ದ, ತೀವ್ರ ಮಾನಸಿಕ ಕಾಯಿಲೆಯ 31 ಜನರನ್ನು ಗಮನಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಸರಾಸರಿ ಆರು ವಾರ ಅಲ್ಲಿದ್ದವರ ಕಾಯಿಲೆಯ ಲಕ್ಷಣಗಳು ಸುಮಾರು 20 ಶೇಕಡಾ ಇಳಿದಿದ್ದವು. ಅಲ್ಲಿ ವಿಶೇಷ ಮಂತ್ರ, ಔಷಧಿ ಇರಲಿಲ್ಲ. ಹೆದರಿಸದ, ಧೈರ್ಯ ಹೇಳುವ ವಾತಾವರಣ ಇತ್ತು, ಮನೆಯವರು ಜೊತೆಗಿದ್ದರು, ದೇವಸ್ಥಾನದ ಸಣ್ಣಪುಟ್ಟ ಕೆಲಸಗಳಿದ್ದವು. ಇದು ಚಿಕ್ಕ ಅಧ್ಯಯನ, ಹೋಲಿಸಲು ಇನ್ನೊಂದು ಗುಂಪೂ ಇರಲಿಲ್ಲ. ‘ದೇವಸ್ಥಾನಕ್ಕೆ ಹೋದರೆ ಸ್ಕಿಜೋಫ್ರೇನಿಯಾ ವಾಸಿ’ ಎಂದು ಇದನ್ನು ಓದಿಕೊಂಡು ಮಾತ್ರೆ ನಿಲ್ಲಿಸಬಾರದು.

ಅದರ ಹಿಂದಿನ ವರ್ಷ, 2001ರ ಆಗಸ್ಟ್ 6ರಂದು, ಅದೇ ರಾಜ್ಯದ ಏರ್ವಾಡಿಯಲ್ಲಿ ದರ್ಗಾದ ಸಮೀಪದ ಖಾಸಗಿ ಆಶ್ರಯತಾಣಕ್ಕೆ ಬೆಂಕಿ ಬಿದ್ದು 28 ಮಾನಸಿಕ ರೋಗಿಗಳು ಸತ್ತರು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಅವರಿಗೆ ಓಡಲು ಆಗಲಿಲ್ಲ. ಎರಡು ಕಡೆಗೂ ಮನೆಯವರು ರೋಗಿಗಳನ್ನು ಕರೆತಂದದ್ದು ದೈವದ ಮೇಲಿನ ನಂಬಿಕೆಯಿಂದಲೇ. ಒಂದು ಕಡೆ ಬಂದವರು ಅತಿಥಿಗಳಾದರು, ಇನ್ನೊಂದು ಕಡೆ ಕಟ್ಟಿಹಾಕಬೇಕಾದ ವಸ್ತುಗಳಾದರು.

ಇಂಥ ಫಾರ್ವರ್ಡ್ ನಾವು ಯಾಕೆ ಕಳಿಸುತ್ತೇವೆ?

1966ರಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಒಂದು ಪ್ರಯೋಗ ಮಾಡಿದರು. ಒಬ್ಬ ಹೆಂಗಸು ವಿದ್ಯುತ್ ಶಾಕ್ ತಿನ್ನುವುದನ್ನು (ಅದು ನಟನೆ, ನೋಡುವವರಿಗೆ ಗೊತ್ತಿರಲಿಲ್ಲ) ಕಾಲೇಜು ಹುಡುಗಿಯರು ನೋಡಬೇಕಿತ್ತು. ಅವಳನ್ನು ಬಿಡಿಸುವ ದಾರಿ ಇಲ್ಲ ಎಂದಾದಾಗ, ನೋಡುವವರು ಅವಳನ್ನೇ ಕೀಳಾಗಿ ಕಾಣತೊಡಗಿದರು. ಕಾರಣವಿಲ್ಲದೆ ಯಾರಿಗೂ ಕೆಟ್ಟದಾಗುವುದಿಲ್ಲ ಎಂದು ನಂಬಿದರೆ ನಮಗೆ ನಿದ್ದೆ ಬರುತ್ತದೆ. ‘ಅವಳೇನೋ ಮಾಡಿರಬೇಕು’ ಎಂಬ ಮಾತಿನಲ್ಲಿ ‘ನಾನು ಮಾಡಿಲ್ಲ, ನನಗೆ ಆಗುವುದಿಲ್ಲ’ ಎಂಬುದು ಅಡಗಿರುತ್ತದೆ. ಅಂದರೆ ಕರ್ಮದ ಫಾರ್ವರ್ಡ್ ಮುಕ್ಕಾಲು ಪಾಲು ಕಳಿಸುವವರ ಸಮಾಧಾನಕ್ಕೇ.

ಬೈಬಲ್ಲಿನ ಯೋಬನ ಕಥೆಯಲ್ಲಿ ಇಂಥ ಮೂವರು ಗೆಳೆಯರು ಬರುತ್ತಾರೆ. ಮಕ್ಕಳು ಸತ್ತು, ಆಸ್ತಿ ಹೋಗಿ, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತವನ ಹತ್ತಿರ ಬಂದು ಮೊದಲ ಏಳು ದಿನ ಸುಮ್ಮನೆ ಜೊತೆಗೆ ಕೂರುತ್ತಾರೆ. ಆಮೇಲೆ ಬಾಯಿ ತೆರೆದು ‘ನೀನು ಪಾಪ ಮಾಡಿರಬೇಕು’ ಎಂದು ಶುರುಮಾಡುತ್ತಾರೆ. ಯೋಬ ದೇವರ ಜೊತೆ ಜಗಳಕ್ಕೇ ಇಳಿಯುತ್ತಾನೆ. ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ. ಅದೇ ವ್ಯಕ್ತಿ ಕುರ್‌ಆನಿನಲ್ಲಿ ಅಯ್ಯೂಬ್ ಎಂಬ ಹೆಸರಿನಲ್ಲಿ ಬರುತ್ತಾನೆ, ಅಲ್ಲಿ ಅವನು ತಾಳ್ಮೆಗೆ ಮಾದರಿ. ನಮ್ಮಲ್ಲಿ ಈ ಜಾಗದಲ್ಲಿ ಇರುವವನು ಹರಿಶ್ಚಂದ್ರ. ‘ಹರಿಶ್ಚಂದ್ರನನ್ನೇ ಬಿಡಲಿಲ್ಲ, ನಾವೆಷ್ಟರವರು’ ಅನ್ನುವವರು ತಮ್ಮನ್ನು ಪಾಪಿಗಳ ಸಾಲಿನಿಂದ ಎಬ್ಬಿಸಿ ಅವನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿರುತ್ತಾರೆ.

ಮೊದಲು ಹೇಳಿದ ‘ತಡೆದುಕೊಳ್ಳುವ ಶಕ್ತಿ’ಯ ಸಾಲಿಗೆ ಮರಳೋಣ. ತನ್ನಲ್ಲಿ ಶಕ್ತಿ ಇದೆ ಅಂದುಕೊಂಡವರಿಗೆ ಅದು ಬೆನ್ನು ತಟ್ಟಿದಂತೆ. ತಡೆದುಕೊಳ್ಳಲು ಆಗದೆ ರಾತ್ರಿ ಬಾಯಿಗೆ ಸೆರಗು ತುರುಕಿಕೊಂಡು ಅಳುವವರಿಗೆ ಅದು ಇನ್ನೊಂದು ಪರೀಕ್ಷೆಯಲ್ಲಿ ಫೇಲಾದಂತೆ. ಕಳಿಸುವ ಮುಂಚೆ ಅವರು ಈಗ ತಮ್ಮ ಬಗ್ಗೆ ಏನು ಮಾತಾಡುತ್ತಿದ್ದಾರೆ ಎಂದು ಕೇಳಿಸಿಕೊಳ್ಳಿ. ‘ದೇವರಿಗೂ ನಾನು ಬೇಡ’, ‘ನನ್ನಿಂದಲೇ ಮನೆಗೆ ದೋಷ’, ‘ನಾನು ಹೋದರೆ ಎಲ್ಲ ಸರಿಯಾಗುತ್ತೆ’ ಎಂಬ ಮಾತು ಬರುತ್ತಿದ್ದರೆ, ಮಾತ್ರೆ ಬಿಟ್ಟು ಉಪವಾಸ ಹೆಚ್ಚುತ್ತಿದ್ದರೆ, ಹರಕೆಯ ಮೇಲೆ ಹರಕೆ ಸೇರುತ್ತಿದ್ದರೆ, ಅವರಿಗೆ ಸೂರ್ಯೋದಯದ ಚಿತ್ರ ಬೇಡ. ಫೋನ್ ಮಾಡಿ. ‘ಊಟ ಆಯ್ತಾ? ನಾಳೆ ಆಸ್ಪತ್ರೆಗೆ ನಾನೂ ಬರ್ತೀನಿ’ ಅನ್ನಿ. ದೇವಸ್ಥಾನಕ್ಕೆ ಹೋಗುವ ಆಸೆ ಇದ್ದರೆ ಅಲ್ಲಿಗೂ ಜೊತೆಗೆ ಹೋಗಿ, ಬರುವ ದಾರಿಯಲ್ಲಿ ಡಾಕ್ಟರನ್ನೂ ಕಂಡು ಬನ್ನಿ.

ಸಾಯುವ ಮಾತು ಬಂದರೆ ಕಾಯಬೇಡಿ, ಅವರನ್ನು ಒಬ್ಬರೇ ಬಿಡಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ, ಉಚಿತ. ಕನ್ನಡದಲ್ಲೇ ಮಾತನಾಡಬಹುದು. ಮನೆಯವರಿಗಾಗಿ ನೀವೂ ಕರೆ ಮಾಡಬಹುದು.